ಗೋಡೆಹಕ್ಕಿ ಹಾಡದ ಕಾಲ

ಸುಮಂಗಲಾ ಹಲಗೆಯ ಮೇಲೆ ಹಿಟ್ಟು ಉದುರಿಸಿ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಒಂದು ಉಬ್ಬಿ ಬರುತ್ತಿತ್ತು, ಒಲೆಯ ಬದಿಗೆ ಒರಗಿದ್ದ ಇನ್ನೊಂದು ಗರಿಯಾಗುತ್ತಿತ್ತು. ಅಂಗೈ ತನ್ನ ಪಾಡಿಗೆ ತಾನು ತಟ್ಟುತ್ತಿತ್ತು. ಆ ಬಡಿತಕ್ಕೆ ಹೊಂದಿಕೊಂಡು ಯಾವಾಗಲೂ ಏಳುವ ಗುನುಗು ಮಾತ್ರ ಇರಲಿಲ್ಲ.

“ಸುಮಕ್ಕಾ, ಏನ್ ಬೇ, ಬರೇ ರೊಟ್ಟಿ ಸಪ್ಪಳ ಬರಾಕತ್ತದ, ಪದ ಎಲ್ಲಿ ಹೋಯ್ತು?” ಗೋಡೆಯಾಚೆ ಹೊಲಿಗೆ ಯಂತ್ರ ನಿಲ್ಲಿಸಿ ಖಾಸೀಂಬಿ ಕೇಳಿದಳು. “ನಾ ನಿನ್ನ ಪದದ ಮ್ಯಾಲೇ ಮಿಷಿನ್ ತುಳೀತೇನಿ. ನಾಕ ದಿನ ಆಯ್ತು, ಹೊಲಿಗಿ ಎಲ್ಲಾ ಸೊಟ್ಟ ಹೊಂಟಾದ. ಗಿರಾಕಿ ಬೈದ್ರ ನಿನ್ನ ಮನಿಗೇ ಕಳಸ್ತೇನಿ ನೋಡು.”

“ಥಂಡಿ ಆಗ್ಯಾದ,” ಎಂದಳು ಸುಮಂಗಲಾ. ದನಿ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿತು.

“ಎಂಥಾ ಥಂಡಿ ಬೇ ಅದು, ಬಂದಾಕಿ ಹೋಗವಲ್ಲಳು! ಹಸಿಶುಂಠಿ ಜಜ್ಜಿ ಕುಡಿ.”

ಥಂಡಿಯಲ್ಲ. ಹಿಂದಿನ ತಿಂಗಳು ಮಗಳ ಹಾಸ್ಟೆಲ್ಲಿಗೆ ಉಂಡಿ ಕೊಟ್ಟು ಬರುವ ನೆವದಲ್ಲಿ ಕಲಬುರಗಿಗೆ ಹೋದವಳು ಗಂಟಲಿನ ಡಾಕ್ಟರಮ್ಮನನ್ನು ಕಂಡು ಬಂದಿದ್ದಳು. ಆಕೆ ಮೂಗಿನೊಳಗಿಂದ ಸಣ್ಣ ನಳಿಕೆ ಇಳಿಸಿ, ಪರದೆಯ ಮೇಲೆ ಸುಮಂಗಲಳ ಗಂಟಲನ್ನು ಸುಮಂಗಲಳಿಗೇ ತೋರಿಸಿದ್ದಳು. ಒದ್ದೆಯಾದ ಎರಡು ಬಿಳಿ ಪಟ್ಟಿ. ಎರಡರ ಅಂಚಿನಲ್ಲೂ ಸಾಸಿವೆಕಾಳಿನಂಥ ಗಂಟು.

“ಮೂರು ತಿಂಗಳ ಹಾಡೂ ಹಂಗಿಲ್ಲ ನೋಡ್ರಿ,” ಎಂದಿದ್ದಳು ಡಾಕ್ಟರಮ್ಮ. “ಮಾತೂ ಕಡಿಮಿ ಮಾಡ್ರಿ. ಪಿಸುಮಾತು ಇನ್ನೂ ಕೆಟ್ಟದ್ದು. ಈಗ ಸುಮ್ಮನಿದ್ರ ದನಿ ಉಳೀತದ. ಹಿಂಗೇ ಹಾಡಕೋತ ಹೋದ್ರ, ಆಪರೇಶನ್ ಮಾಡಿದ್ರೂ ಮೊದಲಿನ ದನಿ ಬರ್ತದಂತ ನಾ ಹೇಳಾಂಗಿಲ್ಲ.”

ಅಫಜಲಪುರಕ್ಕೆ ಮರಳುವ ಬಸ್ಸಿನಲ್ಲಿ ಸುಮಂಗಲಾ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಮೈದುನನ ಕೂಸಿನ ತೊಟ್ಟಿಲ ಕಾರ್ಯವೊಂದು ಮುಗಿಯಲಿ, ಆಮೇಲೆ ಸುಮ್ಮನಾದರಾಯಿತು ಅಂದುಕೊಂಡಿದ್ದಳು. ಅಲ್ಲಿಯತನಕ ದನಿ ಉಳಿಯಲೆಂದೇ ಈ ನಾಲ್ಕು ದಿನ ಗುನುಗನ್ನೂ ಬಿಟ್ಟಿದ್ದಳು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅತ್ತೆಯ ಕಷಾಯ, ಓಣಿಯವರ ಉಪಚಾರ, ಮಣ್ಣೂರಿನಿಂದ ತವರಿನವರ ಫೋನು. ಮಾತಾಡಬಾರದ ರೋಗದ ಬಗ್ಗೆ ದಿನವಿಡೀ ಮಾತಾಡಬೇಕಾಗುತ್ತಿತ್ತು. ಅದಕ್ಕೆ ಬೇಕಾದ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಇನ್ನೊಂದು ಕಾರಣವಿತ್ತು. ಅದನ್ನು ಅವಳು ತನಗೆ ತಾನೂ ಪೂರ್ತಿ ಹೇಳಿಕೊಂಡಿರಲಿಲ್ಲ. ಈ ಮನೆಗೆ ಬಂದ ಮೇಲೆ ತನ್ನನ್ನು ಹುಡುಕಿಕೊಂಡು ಜನ ಬಂದದ್ದು ಎರಡೇ ವಿಷಯಕ್ಕೆ. ಒಂದು ರೊಟ್ಟಿ, ಇನ್ನೊಂದು ಪದ. ಪದ ಹೋದರೆ ಉಳಿಯುವುದು ರೊಟ್ಟಿ.

ಅವಳ ಮಾವನ ಕಾಲದಲ್ಲೇ ಈ ಮನೆಯವರು ಬೌದ್ಧರಾಗಿದ್ದರು. ಹಳೆಯ ದೇವರ ಹೆಸರಿದ್ದ ಜೋಗುಳಗಳನ್ನು ಹೆಂಗಸರು ಬಿಟ್ಟುಕೊಟ್ಟಿದ್ದರು. ಬದಲಿಗೆ ಏನು ಹಾಡಬೇಕೆಂದು ಯಾರಿಗೂ ತಿಳಿಯದೆ, ಕೆಲವು ಕಾಲ ಓಣಿಯಲ್ಲಿ ಕೂಸುಗಳು ಮೂಕ ತೊಟ್ಟಿಲಲ್ಲಿ ಮಲಗಿದವು. ಮಗಳು ಯಶೋಧರಾ ಹುಟ್ಟಿದಾಗ ಬಾಣಂತಿ ಸುಮಂಗಲಾ ಮಂಚದ ಮೇಲೆ ಕೂತೇ ಒಂದು ಪದ ಕಟ್ಟಿದಳು. ಅದು ಓಣಿ ದಾಟಿತು, ಊರು ದಾಟಿತು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅವಳಿಗೆ ಕರೆ ಬರುತ್ತಿತ್ತು. ಹಳೆಯ ಪದ್ಧತಿಗಳನ್ನೆಲ್ಲ ಬಿಟ್ಟ ಜನ ಒಂದನ್ನು ಮಾತ್ರ ಬಿಟ್ಟಿರಲಿಲ್ಲ: ಕೂಸನ್ನು ಹೆಂಗಸರು ತೊಟ್ಟಿಲ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಕೈಯಿಂದ ಕೈಗೆ ದಾಟಿಸುವಾಗ ಪದ ನಿಲ್ಲಬಾರದು. ಎಲ್ಲರ ಕೈ ತಿರುಗಿ ಕೂಸು ತಾಯಿಯ ಮಡಿಲಿಗೆ ಬರುವತನಕ ನಡೆಯಬೇಕು. ನಡುವೆ ನಿಂತರೆ ಕೂಸಿನ ನಿದ್ದೆ ಹರಿಯುತ್ತದೆ ಎಂಬ ಮಾತಿತ್ತು.

ರೊಟ್ಟಿ ಮುಗಿಸಿ ಪಡಸಾಲೆಗೆ ಬಂದಾಗ ಯಶೋಧರಾ ಫರಸಿ ನೆಲದ ಮೇಲೆ ದೊಡ್ಡ ಚಾರ್ಟು ಹಾಸಿ ಬೋರಲಾಗಿ ಬಿದ್ದಿದ್ದಳು. ಬಿ.ಎಡ್. ಓದುತ್ತಿದ್ದ ಅವಳಿಗೆ ಸೋಮವಾರ ಪಾಠ ಮಾಡಿ ತೋರಿಸುವುದಿತ್ತು. ಎರಡು ಹಕ್ಕಿ ಹೋಲಿಸುವ ಪಾಠ. ಎಡಗಡೆ ಎಲ್ಲೋ ಪೆರು ದೇಶದ ಕಾಡಿನಲ್ಲಿ ಮಾತ್ರ ಇರುವ, ಕಾಣಸಿಗುವುದೇ ಅಪರೂಪವಾದ ಹಮ್ಮಿಂಗ್‌ಬರ್ಡ್. ಬಲಗಡೆ ಅವರದೇ ಹಿತ್ತಲ ಗೋಡೆಯ ತೂತಿನಲ್ಲಿ ಸಂಸಾರ ಮಾಡುವ, ಬಾಲ ನೆಟ್ಟಗೆ ಎತ್ತಿ ಓಡಾಡುವ ಕರಿ ಹಕ್ಕಿ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಮನೆಯವರು ಗೋಡೆಹಕ್ಕಿ ಅನ್ನುತ್ತಿದ್ದರು.

ಅತ್ತೆ ಸಾಬವ್ವ ಗೋಡೆಗೊರಗಿ ಕೂತು ಚಾರ್ಟಿನ ಮೇಲೆ ಕಣ್ಣಿಟ್ಟಿದ್ದಳು. “ಅದಕ್ಕ ಹಸಿರು, ನೀಲಿ, ಬಂಗಾರ, ಎಲ್ಲಾ ಬಣ್ಣ ಬಳದಿ. ನಮ್ಮ ಹಕ್ಕಿಗಿ ಬರೇ ಮಸಿ. ಯಾಕ ಬೇ, ಬಣ್ಣ ತೀರಿತೇನು?”

“ಇದ್ದದ್ದ ಹಂಗ ಅದ ಆಯಿ, ನಾ ಏನ್ ಮಾಡ್ಲಿ? ಬಾಲದ ಬುಡಕ ಒಂಚೂರು ಕೆಂಪು ಹಚ್ಚೇನಿ ನೋಡು.”

“ಕುಂಡಿಗಿ ಹಚ್ಚಿದ ಬಣ್ಣ ಯಾರಿಗಿ ಕಾಣಬೇಕು!” ಎಂದು ಸಾಬವ್ವ ತಾನೇ ನಕ್ಕಳು. “ಆ ಹಮ್ಮಿಂಗೇನೋ ಅಂತಿಯಲ್ಲ, ಅದು ಹಾಡ್ತದೇನು?”

“ಹಾಡೋದು ಅಷ್ಟಕ್ಕಷ್ಟೇ. ಅದರ ರೆಕ್ಕಿನೇ ಗುಂಯ್ ಅಂತದ. ಹಾಡೂ ಹಕ್ಕಿ ನಮ್ಮದು. ಅದನ್ನ ಮೊಬೈಲ್‌ನಾಗ ರೆಕಾರ್ಡ್ ಮಾಡ್ಕೊಂಡು ಹೋಗಬೇಕಂತ ಬಂದೇನಿ, ಅದು ನೋಡಿದ್ರ ಬಾಯೇ ಬಿಡವಲ್ದು.”

ಸುಮಂಗಲಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹತ್ತಿರ ಕೂತಳು. “ಯಾಕಂತ?”

“ಅದರ ಕಾಲ ಮುಗೀತವ್ವ. ಬ್ಯಾಸಿಗಿಯಿಂದ ಮಳಿಗಾಲದ ತನಕ ಹಾಡ್ತದ, ಗೂಡು, ಮರಿ ಇದ್ದಾಗ. ಆಮ್ಯಾಲ ಸುಮ್ಮಾಗ್ತದ. ಅದೇನ್ ರೋಗ ಅಲ್ಲ. ಇನ್ನ ಬ್ಯಾಸಿಗಿಗೇ.”

“ಯಾರೂ ಕೇಳಂಗಿಲ್ಲೇನು, ಯಾಕ ಹಾಡವಲ್ಲಿ ಅಂತ?”

“ಹಕ್ಕಿನ್ನ ಯಾರ ಕೇಳ್ತಾರವ್ವ!”

ಸುಮಂಗಲಾ ಎಡಗಡೆಯ ಹಕ್ಕಿಯನ್ನು ನೋಡಿದಳು. ಬಾಲದಲ್ಲಿ ನಾಲ್ಕೇ ಗರಿ. ಎರಡು ಮೈಗಿಂತ ಉದ್ದವಾಗಿ ಬಾಗಿ, ತುದಿಗೆ ನೀಲಿ ಬಿಲ್ಲೆ ತೂಗುತ್ತಿದ್ದವು. “ಇದು ಯಾವಾಗ ಸುಮ್ಮನಿರ್ತದ?”

“ಹಗಲೆಲ್ಲಾ ಹೂವಿಂದ ಹೂವಿಗೆ ಹಾರಕೋತ ಇರಬೇಕು, ಇಲ್ಲಂದ್ರ ಉಪಾಸ ಸಾಯ್ತದ. ರಾತ್ರಿ ಆಯ್ತಂದ್ರ ಮೈ ತಣ್ಣಗ ಮಾಡ್ಕೊಂಡು, ಎದಿ ಬಡಿಯೂದೂ ಕಡಿಮಿ ಮಾಡ್ಕೊಂಡು ಸತ್ತಂಗ ಕೂಡ್ತದಂತ. ಕೈಯಾಗ ಹಿಡದ್ರೂ ಎಚ್ಚರ ಆಗಂಗಿಲ್ಲಂತ.”

“ಮತ್ತ ಎಬ್ಬಸೋರು ಯಾರು?”

“ತಾನೇ ಏಳ್ತದ,” ಎಂದು ಯಶೋಧರಾ ಕುಂಚ ನೀರಿಗೆ ಅದ್ದಿದಳು.

ಅಷ್ಟರಲ್ಲಿ ಮೈದುನ ಕಲ್ಯಾಣಕುಮಾರ ಮೋಟಾರುಬೈಕು ನಿಲ್ಲಿಸಿ ಒಳಬಂದ. ಇಂಜಿನಿಯರ್ ಆಗಿ ಜೇವರ್ಗಿಯಲ್ಲಿದ್ದ ಅವನು ಮದುವೆಯಾಗಿ ಬಹಳ ವರ್ಷಕ್ಕೆ ತಂದೆಯಾಗಿದ್ದ. ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ.

“ವೈನಿ, ಆಶ್ಚರ್ಯ ಮಾಡಸ್ತೇನಿ ನಿಮಗ. ನಾಳಿ ತೊಟ್ಟಲಕ್ಕ ಅನುರಾಧಾ ಬರಾಕತ್ತಾಳ್ರಿ! ಟಿವಿಯಾಗ ಹಾಡಿದ ಹುಡುಗಿ, ನಮ್ಮ ಜೇವರ್ಗಿಯಾಕಿ. ಒಂದು ತಾಸು ಅಷ್ಟೇ ಇರ್ತಾಳಂತ, ಆಕಿಗಿ ಪುರಸತ್ತೇ ಇಲ್ಲ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ.”

ಸುಮಂಗಲಳಿಗೆ ಮೊದಲು ಆದದ್ದು ಬೇಸರವಲ್ಲ. ತಲೆಯ ಮೇಲಿನ ಕೊಡವನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡಂತಾಯಿತು. ಹಾಡಬೇಕಿಲ್ಲ. ಯಾರಿಗೂ ಏನೂ ಹೇಳದೆಯೇ ಈ ತೊಟ್ಟಿಲು ದಾಟುತ್ತದೆ.

“ಆಕಿ ಬರೂ ತನಕ ನೀವು ಹಾಡ್ರಿ,” ಕಲ್ಯಾಣಕುಮಾರ ಮುಂದುವರಿಸಿದ. “ಮಂದಿ ಸುಮ್ಮ ಕೂಡಬಾರದಲ್ಲ. ಆಕಿ ಹೋದ ಮ್ಯಾಲೂ ನೀವೇ ನಡಸ್ರಿ. ನಡುವ ಅಷ್ಟೇ ಆಕಿ.”

ಕೊಡ ಮತ್ತೆ ತಲೆಯ ಮೇಲೆ ಬಂತು. ಜೊತೆಗೆ ಈಗ ನೋವೂ ಬಂತು.

“ಏ ಕಾಕಾ, ನಿನಗ ಹುಚ್ಚೇನು? ಹಾಡಾಕ ಮನಿಯಾಗ ಮಂದಿ ಇರುವಾಗ ಹೊರಗಿನಾಕಿ ಯಾಕ?” ಯಶೋಧರಾ ಕಾಕಾನನ್ನು ಬೈದೇ ಕೇಳಿದಳು.

“ನಿಮ್ಮವ್ವ ದಿನಾ ಹಾಡ್ತಾರ ಬೇ, ದಿನಾ ಕೇಳ್ತೇವಿ,” ಎಂದ ಅವನು. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. “ಇದು ಒಮ್ಮಿ ಸಿಗೂದು.”

ಮರುದಿನ ಮನೆ ತುಂಬಿತು. ಆಳಂದದಲ್ಲಿ ಮಾಸ್ತರನಾಗಿದ್ದ ಗಂಡ ಗುರುನಾಥ ಶಾಲೆಗೆ ರಜೆ ಹಾಕಿ ಬಂದು ಅಂಗಳದಲ್ಲಿ ಗಂಡಸರನ್ನು ಕೂಡಿಸುತ್ತಿದ್ದ. ಮಣ್ಣೂರಿನಿಂದ ಸುಮಂಗಲಳ ಚಿಕ್ಕಮ್ಮ ಬಾಳಮ್ಮ ಬಂದಿದ್ದಳು. ಹೆಂಗಸರು “ಸುಮಾ, ಒಂದ ಪದ ಅನ್ನವಾ” ಎಂದಾಗಲೆಲ್ಲ ಸುಮಂಗಲಾ ಒಲೆಯ ನೆಪ ಹೇಳಿದಳು, ಗುಗ್ಗರಿಯ ಕಾಳು ತಳ ಹಿಡಿಯುತ್ತದೆ ಎಂದಳು, ಚಹಾ ತಂದಳು. ನೆಪಗಳು ತೀರುತ್ತ ಬಂದಾಗ ಬಾಗಿಲಲ್ಲಿ ಕಾರು ನಿಂತಿತು.

ಅನುರಾಧಾ ಟಿವಿಯಲ್ಲಿ ಕಂಡದ್ದಕ್ಕಿಂತ ಸಣ್ಣವಳಿದ್ದಳು. ನವಿಲುಬಣ್ಣದ ಸೀರೆ, ಬೆನ್ನಮೇಲೆ ಉದ್ದ ಕುಚ್ಚು, ಕಿವಿಯಲ್ಲಿ ನೀಲಿ ಹರಳು. ಜನ ಎದ್ದು ನಿಂತು ಮೊಬೈಲು ಎತ್ತಿದರು. ನಗುನಗುತ್ತ ಎಲ್ಲರ ಜೊತೆ ನಿಂತು ಫೋಟೋ ತೆಗೆಸಿಕೊಂಡ ಹುಡುಗಿ, ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ಅಲ್ಲೇ ಚೌಕಟ್ಟಿಗೆ ಒರಗಿದಳು.

“ಅಕ್ಕಾರ, ಒಂಚೂರು ಬಿಸಿನೀರು ಕೊಡ್ತೀರೇನ್ರಿ? ಮುಂಜಾನಿಂದ ಇದು ಎರಡನೇ ಪ್ರೋಗ್ರಾಮ್. ಸಂಜಿಗಿ ಆಳಂದದಾಗ ಇನ್ನೊಂದದ.”

ಸುಮಂಗಲಾ ನೀರು ಕೊಟ್ಟಳು. ಹುಡುಗಿ ನಿಂತೇ ಗುಟುಕರಿಸಿದಳು. ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತ, ಕೈಯಲ್ಲಿನ ಫೋನು ನೋಡುತ್ತ, ಒಂದು ಕ್ಷಣವೂ ತಳ ಊರಲಿಲ್ಲ.

“ಕೂಡವಾ,” ಎಂದಳು ಸುಮಂಗಲಾ.

“ಕೂತ್ರ ಏಳಾಕ ಆಗಂಗಿಲ್ರಿ.” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಅಕ್ಕಾರ, ಒಂದು ಕೇಳ್ಲೇನ್ರಿ? ತೊಟ್ಟಲಕ್ಕ ಟಿವಿಯಾಗ ಹಾಡಿದ ಜೋಗುಳನೇ ಹಾಡ್ರಿ ಅಂದಾರ ನಿಮ್ಮ ಮನಿ ಮಂದಿ. ತೊಗರಿ ಹೂವಿಂದು. ನನಗ ಅದರದು ಒಂದೇ ನುಡಿ ಬರ್ತದ್ರಿ. ಟಿವಿಯಾಗ ತೊಂಬತ್ತು ಸೆಕೆಂಡ್ ಅಷ್ಟೇ ಕೊಡ್ತಾರ, ಅಷ್ಟೇ ಕಲಿಸಿದ್ರು. ಘತ್ತರಗಿಯಾಗ ಒಬ್ಬ ಮುದುಕಿ ಹೇಳಿಕೊಟ್ಟಿದ್ದಂತ. ಮುಂದಿಂದು ನಿಮಗ ಬರ್ತದೇನ್ರಿ?”

ಯಶೋಧರಾ ಗುಗ್ಗರಿಯ ಪಾತ್ರೆ ಎತ್ತಲು ಬಗ್ಗಿದ್ದವಳು ನೆಟ್ಟಗಾದಳು. “ಅದು ನಮ್ಮವ್ವ—”

ಸುಮಂಗಲಾ ಮಗಳ ತೋಳು ಹಿಡಿದಳು. ಹುಡುಗಿಯ ಕಣ್ಣ ಕೆಳಗೆ ಬಣ್ಣದಡಿ ಕಪ್ಪು ಕಾಣುತ್ತಿತ್ತು. “ಬರ್ತದ,” ಎಂದಳು.

“ಹಂಗಾದ್ರ ನಂದು ಮುಗಿದ ಮ್ಯಾಲ ನಿಮ್ಮ ಕೈಗಿ ಮೈಕ್ ಕೊಡ್ತೇನ್ರಿ. ಬದುಕಿದೆ!” ಅನುರಾಧಾ ಲೋಟ ಇಟ್ಟು ಹೊರಟೇಹೋದಳು.

“ಯಾಕವ್ವ ಹೇಳಗೊಡಲಿಲ್ಲ?” ಯಶೋಧರಾಳ ಕಣ್ಣಲ್ಲಿ ನೀರು ಬಂದಿತ್ತು. “ನನ್ನ ಪದ ಅದು. ನಾ ಹುಟ್ಟಿದಾಗಿಂದು.”

“ಗುಗ್ಗರಿ ಒಯ್ಯಿ,” ಎಂದಳು ಸುಮಂಗಲಾ.

ಬುದ್ಧನ ಮೂರ್ತಿಯ ಮುಂದೆ, ಬಾಬಾಸಾಹೇಬರ ಫೋಟೋದ ಮುಂದೆ ಮೇಣದ ಬತ್ತಿ ಹಚ್ಚಿದರು. ಎಲ್ಲರೂ ಕೈಮುಗಿದು ತ್ರಿಶರಣ ಹೇಳಿದರು. ಕೂಸಿಗೆ ಪ್ರಜ್ಞಾ ಎಂದು ಹೆಸರಿಟ್ಟರು. ಮೈದುನನ ಹೆಂಡತಿ ಸುಜಾತಾ ಮಗುವನ್ನು ಮೊದಲ ಕೈಗೆ ಕೊಟ್ಟಳು. ಅನುರಾಧಾ ಕಣ್ಣು ಮುಚ್ಚಿ ಪದ ಎತ್ತಿಕೊಂಡಳು.

ತೊಗರಿ ಹೂವಿನ ಬಣ್ಣ ತೊಟ್ಟೀಲ ಹಾಸೀಗಿ
ಹೊಗಿಯಂಥ ಚಿಂತಿ ಹೊರಗಿರಲಿ, ನನಕಂದ,
ನಗತಲೇ ನಿದ್ದಿ ಬರಲೆವ್ವ

ದನಿ ಚೆನ್ನಾಗಿತ್ತು. ಸುಮಂಗಲಾ ಅದನ್ನು ಒಪ್ಪಿಕೊಂಡಳು. ತಾನು ಬಾಣಂತಿ ಕೋಣೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಕಟ್ಟಿದ ಸಾಲು, ಆ ಹುಡುಗಿ ಏರಿಸಿ ಬಳುಕಿಸಿ ಹಾಡಿದಾಗ ಹೊಸ ಸೀರೆ ಉಟ್ಟಂತೆ ಕಂಡಿತು. ಜನ ಆಹಾ ಎಂದರು. “ಕಲೀರಿ ಬೇ, ಜೋಗುಳ ಅಂದ್ರ ಹಿಂಗ,” ಎಂದು ಸಾಬವ್ವ ಪಕ್ಕದವಳ ಮೊಣಕಾಲು ತಟ್ಟಿದಳು. ಹುಡುಗಿ ಅದೇ ನುಡಿಯನ್ನು ಮತ್ತೊಮ್ಮೆ ಹಾಡಿದಳು, ಮತ್ತೊಮ್ಮೆ. ಕೂಸು ಅರ್ಧ ದಾರಿಯಲ್ಲಿತ್ತು. ಅನುರಾಧಾ ಕಣ್ಣು ತೆರೆದು, ಕುಳಿತವರನ್ನು ದಾಟಿ ಬಂದು ಮೈಕನ್ನು ಸುಮಂಗಲಳ ಬಾಯಿಯ ಹತ್ತಿರ ಹಿಡಿದಳು.

“ವೈನಿ, ಎತ್ತಕೋರಿ!” ಮೊಬೈಲು ಹಿಡಿದ ಕಲ್ಯಾಣಕುಮಾರ ಕೂಗಿದ.

ಸುಮಂಗಲಾ ಉಸಿರು ಎಳೆದುಕೊಂಡಳು. ಎದೆ ತುಂಬಿತು. ಮುಂದಿನ ನುಡಿಯ ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತು. ಹಾಡಬಹುದಿತ್ತು. ಒಂದು ನುಡಿ, ಎರಡು ನುಡಿ, ಯಾರಿಗೂ ತಿಳಿಯದಂತೆ ದನಿ ನೂಕಿಕೊಂಡು ಹೋಗಿ ಮುಗಿಸಬಹುದಿತ್ತು. ಎಷ್ಟು ವರ್ಷ ಹಾಗೇ ಮುಗಿಸಿದ್ದಳು. ಪರದೆಯ ಮೇಲಿನ ಆ ಎರಡು ಬಿಳಿ ಪಟ್ಟಿ ಕಣ್ಣಿಗೆ ಕಟ್ಟಿದವು, ಅವುಗಳ ಅಂಚಿನ ಸಾಸಿವೆಕಾಳು. ಅವು ಒಂದನ್ನೊಂದು ಉಜ್ಜುವುದನ್ನು ಅವಳು ಕಂಡಿದ್ದಳು.

ಅವಳು ಬಾಯಿ ಮುಚ್ಚಿದಳು. ಉಸಿರು ಮೂಗಿನಿಂದ ಹೊರಗೆ ಹೋಯಿತು. ಅದೊಂದೇ ಮೈಕಿನಲ್ಲಿ ಕೇಳಿಸಿತು.

ಪದ ನಿಂತಿತು. “ಏ ಸುಮಾ!” ಸಾಬವ್ವನ ದನಿಯಲ್ಲಿ ಹೆದರಿಕೆಯಿತ್ತು. ಕೂಸು ತೊಟ್ಟಿಲ ಕೆಳಗೆ, ಬಗ್ಗಿ ನಿಂತ ಖಾಸೀಂಬಿಯ ಕೈಯಲ್ಲಿತ್ತು. ಖಾಸೀಂಬಿ ಮೇಲೆ ನೋಡಿದಳು, ಕೆಳಗೆ ಕೂಸಿನ ಮುಖ ನೋಡಿದಳು. ಆಮೇಲೆ ತನ್ನ ಒಡಕು ದನಿಯಲ್ಲಿ, ಎಳೆದೆಳೆದು ಮುಂದಿನ ನುಡಿ ಶುರುಮಾಡಿದಳು.

ಅವ್ವ ಓದದ ಸಾಲಿ ಅಂಗಳಕ ಬಂದಾದ
ಒಂದೊಂದೆ ಅಕ್ಷರ ಆರಿಸಿಕೊ, ನನಕಂದ,
ಗುಬ್ಬಿ ಕಾಳನು ಹೆಕ್ಕಿದಂಗ

ರಾಗ ಹೊಲಿಗೆ ಯಂತ್ರದ ತುಳಿತದಲ್ಲಿ ಓಡುತ್ತಿತ್ತು. ಯಾರೋ ನಕ್ಕರು. ನಕ್ಕವರೇ ಎರಡನೆಯ ಸಾಲಿಗೆ ಜೊತೆಯಾದರು. ಬಾಳಮ್ಮ ಸೇರಿದಳು, ಯಶೋಧರಾ ಸೇರಿದಳು. ಕೂಸು ಮುಂದಿನ ಕೈಗೆ ಹೋಯಿತು. ನುಡಿಗಳ ಸರದಿ ತಪ್ಪಿತು. ಮೂರನೆಯದಕ್ಕೆ ಮೊದಲೇ ನಾಲ್ಕನೆಯದು ಬಂತು. ಒಂದು ಮೂಲೆಯಿಂದ, ಸುಮಂಗಲಾ ಎಂದೂ ಕಟ್ಟದ ಒಂದು ಸಾಲೂ ಬಂತು, ಹೊಳೆ ದಾಟಿ ಬಂದ ಅಜ್ಜಿಯ ಸೀರೆಯ ಬಗ್ಗೆ. ಯಾರ ಮನೆಯಲ್ಲಿ ಅದು ಸೇರಿಕೊಂಡಿತೋ. ಇಷ್ಟು ವರ್ಷ ಅವಳ ಕಿವಿಗೆ ಅವಳ ದನಿಯೇ ಅಡ್ಡ ನಿಂತಿತ್ತು. ಪದ ಹೊರಗಿನಿಂದ ಹೇಗೆ ಕೇಳುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಶ್ರುತಿ ತಪ್ಪಿದ್ದರೂ ಅದು ನಿಲ್ಲಲಿಲ್ಲ. ಕೂಸು ತಾಯಿಯ ಮಡಿಲಿಗೆ ಬಂತು.

ಅನುರಾಧಾ ಶಾಲು ಹೊದೆಸಿಕೊಂಡು ಆಳಂದದ ದಾರಿ ಹಿಡಿದಳು. ಹೊರಡುವಾಗ ಜನರ ನಡುವಿನಿಂದ ಸುಮಂಗಲಳತ್ತ ತಿರುಗಿ, ಏನು ಕೇಳಬೇಕೆಂದು ತಿಳಿಯದವಳಂತೆ ತನ್ನ ಗಂಟಲನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಸುಮಂಗಲಾ ಕಂಡೂ ಕಾಣದಷ್ಟು ತಲೆಯಾಡಿಸಿದಳು.

ಊಟದ ಸಾಲಿನಲ್ಲಿ ಪಿಸುಪಿಸು ಶುರುವಾಯಿತು. ಪಿಸುಮಾತು ಕೆಟ್ಟದ್ದೆಂದು ಡಾಕ್ಟರಮ್ಮ ಹೇಳಿದ್ದು ನಿಜವೇ.

“ಟಿವಿ ಹುಡುಗಿ ಬಂದಾಳಂತ ಮಾರಿ ಉಬ್ಬಿಸ್ಕೊಂಡಾಳ.”

“ಮತ್ತ! ಇಷ್ಟ ದಿನ ತಾನೇ ರಾಣಿ ಇದ್ದಾಕಿ.”

“ಹೊಟ್ಟಿಕಿಚ್ಚಿಗಿ ಕೂಸಿನ ಪದ ನಿಲ್ಲಸೂದೇನ್ ಬೇ? ಆ ಖಾಸೀಂಬಿ ಇದ್ದಳಂತ ಬಚಾವ್ ಆಯ್ತು.”

ಸಾಬವ್ವ ಎದುರಿಗೇ ಅಂದಳು. “ಇಂಥಾ ಮನಸು ನಿಂದಂತ ನಾ ತಿಳದಿದ್ದಿಲ್ಲ ಸುಮಾ. ಮನಿ ಕೂಸು ಅದು.” ಕಲ್ಯಾಣಕುಮಾರ ಅವಳ ಮುಖ ನೋಡದೆ ತಾಟು ಹಿಡಿದುಕೊಂಡು ಹೋದ.

ಒಂದೇ ಮಾತು ಸಾಕಿತ್ತು. ಗಂಟಲಲ್ಲಿ ಗಂಟಾಗಿದೆ ಎಂದರೆ ಇವರೆಲ್ಲ ಈಗಲೇ ಸುತ್ತ ನೆರೆಯುತ್ತಿದ್ದರು. ಅಯ್ಯೋ ಎನ್ನುತ್ತಿದ್ದರು, ಅತ್ತೆ ಕಣ್ಣೊರೆಸುತ್ತಿದ್ದಳು. ಆಮೇಲೆ ನಾಲ್ಕು ದಿನಕ್ಕೆ ಯಾರೋ ಬಂದು, ಸಣ್ಣಾಗಿ ಒಂದೇ ನುಡಿ ಅಂದುಬಿಡವಾ, ಅದಕ್ಕೇನಾಗುತ್ತದೆ ಎನ್ನುತ್ತಿದ್ದರು. ರೋಗ ಎಂದರೆ ದಿನಾ ಬಂದು ವಿಚಾರಿಸುತ್ತಾರೆ, ವಾಸಿಯಾಯಿತೇ ಎಂದು ಕೇಳುತ್ತಾರೆ. ಸಿಟ್ಟು ಎಂದರೆ ದೂರ ಇರುತ್ತಾರೆ.

ಸಂಜೆ ಮಂದಿ ಕರಗಿದ ಮೇಲೆ ಅವಳು ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುತ್ತ ಕೂತಳು. ಸೊಂಟ ಸೋತಿತ್ತು, ಬೆರಳುಗಳು ನೀರಿಗೆ ಮುರುಟಿದ್ದವು. ಚೀಲ ಹೆಗಲಿಗೇರಿಸಿಕೊಂಡು ಬಾಳಮ್ಮ ಹೊರಡಲು ಬಂದಳು.

“ಹೋಗ್ಲಿ ಬಿಡವಾ, ಇವತ್ತಿಂದು ಇವತ್ತಿಗಿ. ಮುಂದಿನ ಐತಾರ ನಮ್ಮ ಮಮ್ಮಗನ ತೊಟ್ಟಲ ಅದ ಮಣ್ಣೂರಾಗ. ಅಲ್ಲಿ ಯಾ ಟಿವಿಯಾಕಿನೂ ಬರಂಗಿಲ್ಲ, ನೀನೇ ನಮಗ ಟಿವಿ. ಹಿಂದಿನ ದಿನನೇ ಬಂದಬಿಡು. ಬರ್ತಿಯಲ್ಲ?”

ಸುಮಂಗಲಾ ತಿಕ್ಕುತ್ತಿದ್ದ ಕೈ ನಿಲ್ಲಿಸಿ ಚಿಕ್ಕಮ್ಮನನ್ನು ನೋಡಿ ನಕ್ಕಳು. ಬಾಳಮ್ಮ ಅದನ್ನು ಹೌದೆಂದು ತಿಳಿದು ಅವಳ ತಲೆ ಸವರಿ ಹೊರಟಳು.

ಗೋಡೆಯ ಮೇಲೆ ಕರಿ ಹಕ್ಕಿ ಬಂದು ಕೂತಿತು. ಬಾಲ ಎತ್ತಿತು, ಇಳಿಸಿತು. ತೂತಿನ ಬಾಯಲ್ಲಿ ಇಣುಕಿ ನೋಡಿ ಕೆಳಗೆ ಹಾರಿ, ತಿಕ್ಕಿದ ನೀರು ಹರಿದಲ್ಲಿ ಇರುವೆ ಹೆಕ್ಕತೊಡಗಿತು. ಒಳಗಿಂದ ಯಶೋಧರಾ ಮೊಬೈಲು ಹಿಡಿದು ಮೆಲ್ಲಗೆ ಬಾಗಿಲಿಗೆ ಬಂದಳು. ಕಾದಳು. ಅದು ತನ್ನ ಹೊಟ್ಟೆಯ ಕೆಲಸದಲ್ಲೇ ಇತ್ತು.

“ಹಾಡಂಗಿಲ್ಲ ಇದು,” ಎಂದು ಹುಡುಗಿ ಒಳಗೆ ಹೋದಳು.

ಗೋಡೆಯಾಚೆ ಖಾಸೀಂಬಿಯ ಯಂತ್ರ ಶುರುವಾಯಿತು. ತುಸು ಹೊತ್ತಿಗೆ ಅದರ ಜೊತೆ ಅವಳ ಒಡಕು ದನಿಯೂ ಎದ್ದಿತು, ಗುಬ್ಬಿ ಕಾಳು ಹೆಕ್ಕುವ ನುಡಿ. ಕೇಳಲೆಂದೇ ಸ್ವಲ್ಪ ಜೋರಾಗಿ ಹಾಡುತ್ತಿದ್ದಳೋ ಏನೋ. ಸುಮಂಗಲಳ ಗಂಟಲು ತಾನಾಗಿಯೇ ಜೊತೆಗೂಡಲು ಎದ್ದಿತು. ಅವಳು ಅದನ್ನು ಸುಮ್ಮನೆ ಕೂರಿಸಿದಳು.

ಮುಂದಿನ ಐತವಾರ ಮಣ್ಣೂರಿಗೆ ಹೋಗುವುದಿಲ್ಲ. ಅದರ ಮುಂದಿನ ತೊಟ್ಟಿಲಿಗೂ ಇಲ್ಲ. ಬೇಸಿಗೆ ಬರುವತನಕ ಸಿಟ್ಟಿನವಳು ಅನ್ನಲಿ, ಹೊಟ್ಟೆಕಿಚ್ಚಿನವಳು ಅನ್ನಲಿ. ಅವಳು ಪಾತ್ರೆಯನ್ನು ಬೋರಲು ಹಾಕಿ, ಮುಂದಿನದಕ್ಕೆ ಬೂದಿ ತೆಗೆದುಕೊಂಡಳು.